ಕಾಯುವುದು

ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುವ ಮೊದಲ ಕೆಲಸ ನಮ್ಮ ಮನೆಯವರ ಎಡಗೈ ಮುಟ್ಟಿ ನೋಡುವುದು. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಒಂದು ಉಬ್ಬು ಇದೆ. ಹಗ್ಗದ ಗಂಟಿನ ಹಾಗೆ ಕಾಣುತ್ತದೆ. ಅದರ ಮೇಲೆ ಎರಡು ಬೆರಳು ಮೆಲ್ಲಗೆ ಇಟ್ಟರೆ ಒಳಗೆ ಗುರ್ ಗುರ್ ಅನ್ನುವುದು ಗೊತ್ತಾಗುತ್ತದೆ. ಬೆಕ್ಕು ಮಡಿಲಲ್ಲಿ ಮಲಗಿದಾಗ ಅದರ ಮೈ ನಡುಗುತ್ತದಲ್ಲ, ಹಾಗೆ. ಫಿಸ್ಟುಲಾ ಅನ್ನುತ್ತಾರೆ ಇದಕ್ಕೆ. ಅವರ ಕಿಡ್ನಿ ಕೆಟ್ಟಿದೆ, ಮಷೀನಿನಿಂದ ರಕ್ತ ತೊಳೆಯುವ ಡಯಾಲಿಸಿಸ್‌ಗೆ ಇದು ಬೇಕು. ಹೃದಯದಿಂದ ರಕ್ತ ತರುವ ನಾಳವನ್ನೂ ವಾಪಸ್ ಒಯ್ಯುವ ನಾಳವನ್ನೂ ಸೇರಿಸಿ ಹೊಲಿದಿರುತ್ತಾರೆ. ರಕ್ತ ಜೋರಾಗಿ ನುಗ್ಗುವುದರಿಂದ ಆ ನಡುಕ. ನಡುಕ ಇದ್ದರೆ ದಾರಿ ತೆರೆದಿದೆ ಅಂತ ಅರ್ಥ. ನಿಂತಿತೋ, ಕೈಯಲ್ಲಿದ್ದ ಕೆಲಸ ಬಿಟ್ಟು ಡಾಕ್ಟರ ಹತ್ತಿರ ಓಡಬೇಕು.

ಇದು ಏಳನೇ ವರ್ಷ. ದಿನಾ ಮುಟ್ಟುತ್ತೇನೆ. ನಡುಕ ಬೆರಳಿಗೆ ಸಿಕ್ಕ ಕೂಡಲೇ ಬಾಯಲ್ಲಿ ತಾನಾಗಿ ಬರುವ ಮಾತು, “ಸ್ತೋತ್ರ, ಕರ್ತನೇ.” ಅಷ್ಟೇ ನನ್ನ ಬೆಳಗಿನ ಪ್ರಾರ್ಥನೆ. ಮುಂಚೆ ಉದ್ದುದ್ದ ಪ್ರಾರ್ಥನೆ ಮಾಡುತ್ತಿದ್ದೆ. ಈಗ ಇಷ್ಟೇ ಸಾಕಾಗುತ್ತದೆ.

ಮೊನ್ನೆ ಹಳೇ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. “ಇಷ್ಟೆಲ್ಲಾ ಆದಮ್ಯಾಲೂ ನಿನಗ ದೇವರ ಮ್ಯಾಲ ಸಿಟ್ಟ ಬರೂದಿಲ್ಲೇನ?” ಅಂತ ಕೇಳಿದಳು. ಬಂದಿತ್ತು ಅಂದೆ. ಆಮೇಲೆ ಏನಾಯಿತು ಅಂತ ಫೋನಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಧಾರವಾಡದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಡೆಯ ಪ್ರೊಟೆಸ್ಟಂಟ್ ಕ್ರೈಸ್ತರು, ಈಗಿನ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆ. ಆ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು, ಮೂರು ವರ್ಷ ಬಿಟ್ಟು ಧಾರವಾಡಕ್ಕೆ. ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದಿಂದಲೂ ಬೈಬಲ್ ಇದೆ. ನಾನು ಸಂಡೇ ಸ್ಕೂಲಿನಲ್ಲಿ ವಚನಗಳನ್ನು ಬಾಯಿಪಾಠ ಮಾಡಿ ಸ್ಟೀಲ್ ಲೋಟ ಬಹುಮಾನ ತಗೊಂಡವಳು. ಕ್ರಿಸ್ಮಸ್ಸಿಗೆ ಕರ್ಚಿಕಾಯಿ, ಚಕ್ಕುಲಿ, ಹೊಸ ಸೀರೆ. ಈಸ್ಟರಿಗೆ ಬೆಳಗಿನ ಜಾವದ ಆರಾಧನೆ. ವಿಶ್ವಾಸ ಅನ್ನುವುದು ನನ್ನ ಪಾಟ್ಲಿ ಬಳೆ ಇದ್ದ ಹಾಗೆ ಇತ್ತು. ಅಜ್ಜಿಯಿಂದ ಅವ್ವನಿಗೆ ಬಂತು, ಅವ್ವನಿಂದ ನನಗೆ. ಹಬ್ಬದ ದಿನ ತೆಗೆದು ಹಾಕಿಕೊಳ್ಳುವುದು, ಮತ್ತೆ ತಿಜೋರಿಯಲ್ಲಿ ಇಡುವುದು. ಅದು ನನ್ನದೇ, ಆದರೆ ಅದರಿಂದ ಏನೂ ನಡೆಸಬೇಕಾದ ಪ್ರಸಂಗ ಬಂದಿರಲಿಲ್ಲ.

2019ರ ಜುಲೈನಲ್ಲಿ ಬಂತು. ಧಾರವಾಡದ ಜಿಟಿಜಿಟಿ ಮಳೆ ಹಿಡಿದಿತ್ತು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಒಂದು ದಿನ ಬೂಟು ಕಾಲಿಗೆ ಹಿಡಿಸಲಿಲ್ಲ. ಮಳೆಗೆ ಬೂಟು ಬಿಗಿಯಾಗಿರಬೇಕು ಅಂದುಕೊಂಡೆವು. ಬೂಟು ಸರಿಯಾಗಿಯೇ ಇತ್ತು, ಕಾಲು ಬಾತಿತ್ತು. ಊಟ ಸೇರುತ್ತಿರಲಿಲ್ಲ, ವಾಂತಿ ಆಗುತ್ತಿತ್ತು. ಗ್ಯಾಸ್ ಅಂತ ಸೋಡಾ ಕುಡಿದು ಶಾಲೆಗೆ ಹೋಗುತ್ತಿದ್ದರು. ಹತ್ತು ವರ್ಷದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಎರಡೂ ಸೇರಿ ಒಳಗೊಳಗೇ ಕಿಡ್ನಿಯನ್ನು ತಿಂದಿದ್ದವು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕಸ, 11 ಬಂತು. ಒಂದರ ಆಸುಪಾಸು ಇರಬೇಕಾದದ್ದು. ಅವತ್ತು ರಾತ್ರಿಯೇ ಕತ್ತಿನಲ್ಲಿ ಪೈಪು ಹಾಕಿ ಮೊದಲ ಡಯಾಲಿಸಿಸ್ ಮಾಡಿದರು. ಅವರಿಗೆ ಆಗ 47. ಮಗಳು ಎಸ್.ಎಸ್.ಎಲ್.ಸಿ.

ಆರು ತಿಂಗಳಲ್ಲಿ ಪಾಟ್ಲಿ ಒತ್ತೆ ಹೋದವು. ಸರ್ಕಾರದ ಆರೋಗ್ಯ ಕಾರ್ಡು ಇದ್ದದ್ದರಿಂದ ಡಯಾಲಿಸಿಸ್‌ಗೆ ನಾವು ದುಡ್ಡು ಕೊಡುವುದು ತಪ್ಪಿತು, ಅದು ನಮ್ಮಂಥವರಿಗೆ ದೊಡ್ಡ ಆಸರೆ. ಆದರೂ ಇಂಜೆಕ್ಷನ್ನು, ತಪಾಸಣೆ, ಓಡಾಟ, ಅರ್ಧ ಸಂಬಳ. ಬಳೆ ಇಲ್ಲದ ಕೈ ನೋಡಿಕೊಂಡು ಒಂದು ರಾತ್ರಿ ಯೋಚಿಸಿದೆ. ಅಜ್ಜಿ ಕೊಟ್ಟದ್ದರಲ್ಲಿ ಬಂಗಾರ ಹೋಯಿತು. ಇನ್ನೊಂದು ಇದೆಯೋ ಇಲ್ಲವೋ?

ಡಯಾಲಿಸಿಸ್ ಅಂದರೆ ನೋಡದವರಿಗೆ ಏನು ಅಂತ ಗೊತ್ತಾಗುವುದಿಲ್ಲ. ನಾವು ಹೋಗುವುದು ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಜುಬಿಲಿ ಸರ್ಕಲ್ಲಿನಿಂದ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ. ಅಲ್ಲಿ ಮೊದಲು ತೂಕ. ಹೋದ ಸಲಕ್ಕಿಂತ ಎಷ್ಟು ಕಿಲೋ ಏರಿದೆಯೋ ಅದೆಲ್ಲ ನೀರು. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಕಾಲಿಗೆ ಇಳಿಯುತ್ತದೆ, ಮುಖಕ್ಕೆ ಏರುತ್ತದೆ, ಜಾಸ್ತಿಯಾದರೆ ಶ್ವಾಸಕೋಶಕ್ಕೆ ತುಂಬುತ್ತದೆ. ಕೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಮಷೀನಿಗೆ, ಇನ್ನೊಂದರಿಂದ ವಾಪಸ್ ಮೈಗೆ. ನಾಲ್ಕು ಗಂಟೆ. ಬಾಗಿಲಾಚೆ ನಾನು ಕಾಯುತ್ತೇನೆ. ಮನೆಯಲ್ಲಿ ಹೊಲಿಗೆ ಮಾಡುವವಳಾದ್ದರಿಂದ ಸೀರೆಗಳನ್ನು ಚೀಲದಲ್ಲಿ ತಂದಿರುತ್ತೇನೆ. ಕಾಯುತ್ತಾ ಫಾಲ್ ಹಚ್ಚುತ್ತೇನೆ. ನಾಲ್ಕು ಗಂಟೆಗೆ ಎರಡು ಸೀರೆ ಮುಗಿಯುತ್ತದೆ.

ಮೊದಲ ಆರು ತಿಂಗಳು ನಾನು ದೇವರ ಜೊತೆ ಚೌಕಾಸಿ ಮಾಡಿದೆ. ಗುಣ ಮಾಡು, ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ. ಉಪವಾಸ ಮಾಡಿದೆ. ಯಾರು ಪ್ರಾರ್ಥನೆ ಮಾಡುತ್ತೇವೆ ಅಂದರೂ ಮನೆಗೆ ಕರೆದೆ. ಬಂದವರಲ್ಲಿ ಬಹಳ ಜನ ಒಳ್ಳೆಯವರು. ನಮ್ಮ ಸ್ತ್ರೀ ಸಮಾಜದ ಅಕ್ಕಂದಿರು ಬಂದು ಹಾಡಿ, ಪ್ರಾರ್ಥಿಸಿ, ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಿಟ್ಟು ಹೋಗುತ್ತಿದ್ದರು. ಆದರೆ ಬೇರೆ ಕಡೆಯಿಂದ ಬಂದ ಒಬ್ಬರು ನಮ್ಮ ಮನೆಯವರ ತಲೆ ಮೇಲೆ ಕೈ ಇಟ್ಟು ಹೇಳಿದರು, “ಗುಣ ಆಗೇದ ಅಂತ ನಂಬ್ರಿ. ನಂಬಿದ ಮ್ಯಾಲ ಮಷೀನಿಗೆ ಯಾಕ ಹೋಗಬೇಕು?”

ನಾವು ನಂಬಿದೆವು. ನಂಬಬೇಕು ಅನ್ನುವ ಆಸೆ ಅಷ್ಟಿತ್ತು. ಶನಿವಾರ ಹೋಗಲಿಲ್ಲ. ಭಾನುವಾರ ರಾತ್ರಿ ಎರಡು ಗಂಟೆಗೆ ಅವರು ಎದ್ದು ಕೂತರು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ನೀರಿನಲ್ಲಿ ಮುಳುಗಿದವರ ಹಾಗೆ ಬಾಯಿ ತೆರೆದು ಎಳೆಯುತ್ತಿದ್ದರು. ಆಂಬುಲೆನ್ಸಿನಲ್ಲಿ ಆಕ್ಸಿಜನ್ ಹಾಕಿಕೊಂಡು ಹುಬ್ಬಳ್ಳಿಗೆ ಹೋಗುವಾಗ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಎರಡು ದಿನ ಇತ್ತು.

ಅವರ ಜೀವ ಉಳಿಯಿತು. ಆಮೇಲೆ ಆ ಹಿರಿಯರಿಗೆ ಫೋನ್ ಮಾಡಿದೆ. “ನಿಮ್ಮ ವಿಶ್ವಾಸ ಸಾಲಲಿಲ್ಲ” ಅಂದರು. ಆ ಮಾತು ನನ್ನ ಎದೆಯಲ್ಲಿ ಒಂದು ವರ್ಷ ಕೂತಿತ್ತು. ಇದನ್ನು ಓದುವವರಲ್ಲಿ ಯಾರಾದರೂ ಹೀಗೆ ಹೇಳಿಸಿಕೊಂಡಿದ್ದರೆ ಅವರಿಗೆ ಹೇಳುತ್ತೇನೆ, ದಯವಿಟ್ಟು ಔಷಧ ಬಿಡಬೇಡಿ, ಡಯಾಲಿಸಿಸ್ ತಪ್ಪಿಸಬೇಡಿ. ಬೈಬಲ್ಲಿನಲ್ಲಿ ಅಪೊಸ್ತಲ ಪೌಲ ತನ್ನ ಶರೀರದಲ್ಲಿ ನಾಟಿದ್ದ ಶೂಲ ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂತ ಉತ್ತರ ಬಂತು. ಪೌಲನಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಯಾರು ಹೇಳುತ್ತಾರೆ?

ಆ ಮಷೀನಿನ ಕಥೆಯನ್ನು ನಮ್ಮ ಮನೆಯವರೇ ಎಲ್ಲೋ ಓದಿ ನನಗೆ ಹೇಳಿದರು. ಹಾಲೆಂಡಿನ ಕಾಂಪೆನ್ ಅನ್ನುವ ಊರಿನಲ್ಲಿ ವಿಲೆಮ್ ಕಾಲ್ಫ್ ಅನ್ನುವ ಡಾಕ್ಟರು ಅದನ್ನು ಮಾಡಿದ್ದು. 1943. ದೇಶ ಹಿಟ್ಲರನ ಸೈನ್ಯದ ಕೈಯಲ್ಲಿತ್ತು, ಸಾಮಾನು ಸಿಗುತ್ತಿರಲಿಲ್ಲ. ಮಾಂಸದ ಸಾಸೇಜ್ ಸುತ್ತುವ ಸೆಲೋಫೇನ್ ಕೊಳವೆಯನ್ನು ಒಂದು ದೊಡ್ಡ ಡ್ರಮ್ಮಿಗೆ ಸುತ್ತಿ, ಅದರೊಳಗೆ ರಕ್ತ ಹರಿಸಿದರು. ಮೊದಮೊದಲ ರೋಗಿಗಳು ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡರು. ಕಾಲ್ಫ್ ಬಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದಳು. ಅವಳು ಶತ್ರುಗಳ ಪಕ್ಷ ವಹಿಸಿದವಳು ಅಂತ ಜೈಲಿನಲ್ಲಿದ್ದವಳು. ಊರಿನವರು ಅವಳು ಬದುಕಲಿ ಅಂತ ಬಯಸಿರಲಿಕ್ಕಿಲ್ಲ. ಡಾಕ್ಟರು ಅವಳಿಗೂ ಮಷೀನು ಹಚ್ಚಿದರು. ನನಗೆ ಇದನ್ನು ಕೇಳಿದಾಗ ಮೈ ಜುಂ ಅಂದಿತು. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುವ ದೇವರ ಬಗ್ಗೆ ಯೇಸು ಹೇಳಿದ್ದಾನಲ್ಲ. ಅಂಥ ದೇವರು ಹುಬ್ಬಳ್ಳಿಯ ಒಂದು ಕೋಣೆಯಲ್ಲಿ ಮಷೀನಿನ ಮೂಲಕ ನಮ್ಮ ಮನೆಯವರ ರಕ್ತ ತೊಳೆಯುವುದಿಲ್ಲ ಅಂತ ಯಾಕೆ ಅಂದುಕೊಂಡಿದ್ದೆನೋ.

ಆದರೆ ಇಷ್ಟು ತಿಳಿದುಕೊಂಡರೆ ಮನಸ್ಸಿಗೆ ಶಾಂತಿ ಬರುತ್ತದಾ? ನನಗೆ ಬರಲಿಲ್ಲ.

2020ರ ಏಪ್ರಿಲ್ ಬಂತು. ಲಾಕ್‌ಡೌನ್. ಬಸ್ಸಿಲ್ಲ. ಡಯಾಲಿಸಿಸ್ ಫೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಪರಿಚಯದವರ ಬೈಕಿನಲ್ಲಿ, ಪೊಲೀಸರಿಗೆ ತೋರಿಸುತ್ತಾ ತೋರಿಸುತ್ತಾ ಹೋಗಿ ಬರುತ್ತಿದ್ದರು. ಏಪ್ರಿಲ್ 10 ಶುಭ ಶುಕ್ರವಾರ. ಚರ್ಚಿಗೆ ಬೀಗ. ನನ್ನ ಜೀವನದಲ್ಲಿ ಮೊದಲ ಸಲ ಶುಭ ಶುಕ್ರವಾರ ಮನೆಯಲ್ಲಿ ಕೂತಿದ್ದು.

ಅವರಿಗೆ ದಿನಕ್ಕೆ ಒಂದು ಲೀಟರ್ ನೀರು. ಚಹಾ, ಸಾರು, ಗುಳಿಗೆ ನುಂಗುವ ಗುಟುಕು, ಎಲ್ಲಾ ಸೇರಿ ಒಂದು ಲೀಟರ್. ಬೆಳಿಗ್ಗೆ ಬಾಟಲಿ ತುಂಬಿ ಅವರ ಹತ್ತಿರ ಇಡುತ್ತೇನೆ. ಚಹಾ ಮಾಡಿದರೆ ಅಷ್ಟನ್ನು ಬಾಟಲಿಯಿಂದ ತೆಗೆದು ಚೆಲ್ಲುತ್ತೇನೆ. ಆಗ ಲೆಕ್ಕ ಸರಿ ಇರುತ್ತದೆ. ಏಪ್ರಿಲ್ಲಿನ ಬಿಸಿಲಿನಲ್ಲಿ ಒಂದು ಲೀಟರ್ ಎಲ್ಲಿಗೆ ಸಾಕು? ಅವತ್ತು ಮಧ್ಯಾಹ್ನದೊಳಗೆ ಬಾಟಲಿ ಖಾಲಿ. ತುಟಿ ಒಡೆದಿತ್ತು. ನಾನು ಒಂದು ಐಸ್ ತುಂಡು ಬಟ್ಟೆಯಲ್ಲಿ ಸುತ್ತಿ ಕೊಟ್ಟೆ, ತುಟಿಗೆ ಒತ್ತಿಕೊಳ್ಳಲಿ ಅಂತ.

ಮೊಬೈಲನ್ನು ತಂಬಿಗೆಗೆ ಒರಗಿಸಿ ಆರಾಧನೆ ನೋಡುತ್ತಿದ್ದೆವು. ಹನ್ನೆರಡರಿಂದ ಮೂರರವರೆಗೆ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳು. ಚಿಕ್ಕಂದಿನಿಂದ ಕೇಳಿದ್ದೇ. ಐದನೇ ಮಾತಿಗೆ ಬಂದರು. “ನನಗೆ ನೀರಡಿಕೆಯಾಗಿದೆ.”

ನಮ್ಮ ಕಡೆ ಬಾಯಾರಿಕೆ ಅನ್ನುವುದಿಲ್ಲ. ನೀರಡಿಕೆ ಅಂತಲೇ ಅನ್ನುತ್ತೇವೆ. ಹತ್ತು ನಿಮಿಷದ ಹಿಂದೆ ನಮ್ಮ ಮನೆಯವರು “ಭಾಳ ನೀರಡಿಕಿ ಆಗೇದ” ಅಂದಿದ್ದರು. ನಾನು ಕೇಳಿಯೂ ಕೇಳದ ಹಾಗೆ ಇದ್ದೆ. ಇನ್ನೇನು ಮಾಡಲಿ? ಈಗ ಅದೇ ಮಾತು ಮೊಬೈಲಿನಿಂದ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಐಸ್ ಬಟ್ಟೆಯನ್ನು ತುಟಿಯಿಂದ ತೆಗೆದರು.

“ಅವಗೂ ಆಗಿತ್ತ ನೋಡು,” ಅಂದರು.

ಅಷ್ಟೇ ಅಂದದ್ದು. ಆಮೇಲೆ ಅತ್ತರು. ಕಾಯಿಲೆ ಬಂದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮದುವೆ ಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದವನು. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿಗೆ ಜೀವಜಲ ಕೊಡುತ್ತೇನೆ ಅಂದವನು. ಅವನ ನಾಲಿಗೆ ಒಣಗಿತ್ತು. ಕೇಳಿದಾಗ ಸಿಕ್ಕಿದ್ದು ಹುಳಿರಸ. ದೇವರು ಮೇಲೆ ಕೂತು ನಮ್ಮನ್ನು ನೋಡುತ್ತಿದ್ದಾನೆ ಅಂತ ನಾನು ಅದುವರೆಗೆ ಅಂದುಕೊಂಡಿದ್ದೆ. ಅವತ್ತಿನಿಂದ ಹಾಗೆ ಅಂದುಕೊಳ್ಳಲು ಆಗಲಿಲ್ಲ. ನಮ್ಮ ಮನೆಯ ಚಾಪೆಯ ಮೇಲೆ, ಖಾಲಿ ಬಾಟಲಿಯ ಪಕ್ಕದಲ್ಲಿ ಅವನೂ ಕೂತಿದ್ದಾನೆ ಅನ್ನಿಸಿತು.

ಅಲ್ಲಿಗೆ ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮರುವರ್ಷ ಮತ್ತೆ ಕತ್ತಲೆಗೆ ಬಿದ್ದೆ.

ಅವರ ಪಕ್ಕದ ಮಷೀನಿನಲ್ಲಿ ಅಣ್ಣಿಗೇರಿ ಕಡೆಯ ಒಬ್ಬ ಹುಡುಗ ಇದ್ದ. 24 ವರ್ಷ. ಅವನ ತಾಯಿ ನನ್ನ ಪಕ್ಕದಲ್ಲೇ ಕಾಯುತ್ತಿದ್ದರು. ನಾನು ಅವರಿಗೆ ಅಕ್ಕಾರ ಅನ್ನುತ್ತಿದ್ದೆ, ಅವರು ನನಗೆ ತಂಗಿ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಮಗನಿಗೆ, ನಮಗೆ, ಇನ್ಯಾರು ಹಸಿದಿದ್ದರೆ ಅವರಿಗೆ. ಜೊತೆಗೆ ಶೇಂಗಾ ಚಟ್ನಿ. ಹುಡುಗ ನಮ್ಮ ಮನೆಯವರ ಹತ್ತಿರ ಬ್ಯಾಂಕ್ ಪರೀಕ್ಷೆಗೆ ಗಣಿತ ಹೇಳಿಸಿಕೊಳ್ಳುತ್ತಿದ್ದ. ಕೈಗೆ ಸೂಜಿ ಚುಚ್ಚಿರುವಾಗಲೇ ಇಬ್ಬರೂ ಶೇಕಡಾವಾರು ಲೆಕ್ಕ ಮಾಡುತ್ತಿದ್ದರು. ಅವನಿಗೋಸ್ಕರ ನಾನು ದಿನಾ ಪ್ರಾರ್ಥಿಸುತ್ತಿದ್ದೆ. ನಮ್ಮ ಮನೆಯವರಿಗೆ ಐವತ್ತು ಹತ್ತಿರ ಬಂತು, ಇವನಾದರೂ ಬದುಕಲಿ ಅಂತ.

ಒಂದು ಗುರುವಾರ ಹೋದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ ಇದ್ದರು.

ಅವತ್ತಿನಿಂದ ನನಗೆ ಪ್ರಾರ್ಥನೆ ಆಗಲಿಲ್ಲ. ಬಾಯಿ ತೆರೆದರೆ ಸಿಟ್ಟು ಬರುತ್ತಿತ್ತು. ಚರ್ಚಿಗೆ ಹೋಗುತ್ತಿದ್ದೆ, ಹಾಡಲು ಆಗುತ್ತಿರಲಿಲ್ಲ. ನಮ್ಮ ಸಭಾಪಾಲಕರಿಗೆ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. “88ನೇ ಕೀರ್ತನೆ ಓದ್ರಿ. ಅದನ್ನ ದೇವರಿಗೇ ಓದಿ ಹೇಳ್ರಿ,” ಅಂದರು. ಓದಿದೆ. ಕೀರ್ತನೆಗಳಲ್ಲಿ ಅಳು ಬಹಳ ಇದೆ, ಆದರೆ ಸಾಮಾನ್ಯವಾಗಿ ಕೊನೆಗೆ ಒಂದು ಬೆಳಕು ಬರುತ್ತದೆ. ಇದರಲ್ಲಿ ಬರುವುದಿಲ್ಲ. ಕೂಗುತ್ತಾನೆ, ಯಾಕೆ ಮುಖ ಮರೆಮಾಡಿಕೊಂಡಿದ್ದೀಯ ಅಂತ ಕೇಳುತ್ತಾನೆ, ಕತ್ತಲೆಯಲ್ಲೇ ಮುಗಿಸಿಬಿಡುತ್ತಾನೆ. ಇಂಥದ್ದೂ ಬೈಬಲ್ಲಿನಲ್ಲಿ ಇದೆಯಾ ಅಂತ ನನಗೆ ಆಶ್ಚರ್ಯ ಆಯಿತು. ಅಷ್ಟು ವಚನ ಬಾಯಿಪಾಠ ಮಾಡಿಸಿದರಲ್ಲ, ಇದನ್ನು ಯಾರೂ ಮಾಡಿಸಿರಲಿಲ್ಲ. ಎಷ್ಟೋ ವಾರ ಇದೊಂದೇ ನನ್ನ ಪ್ರಾರ್ಥನೆ. ಸಿಟ್ಟನ್ನು ದೇವರಿಂದ ಮುಚ್ಚಿಡಬೇಕಾಗಿಲ್ಲ ಅಂತ ಗೊತ್ತಾದದ್ದೇ ನನಗೆ ಒಂದು ಬಿಡುಗಡೆ.

ಆ ತಾಯಿ ಹದಿನೈದು ದಿನ ಬಿಟ್ಟು ಬಂದರು. ಶನಿವಾರ. ಅದೇ ಬಸ್ಸಿಗೆ ಬಂದು, ಅದೇ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ ಕೂತರು. ಕೈಯಲ್ಲಿ ಬಿಳಿ ಬಟ್ಟೆಯ ಗಂಟು.

“ನಸಿಕಿಲೇ ಎಚ್ಚರ ಆತು ತಂಗಿ. ಕೈ ಸುಮ್ನ ಕೂಡಲಿಲ್ಲ. ರೊಟ್ಟಿ ಬಡದಿದ್ದೆ. ಯಾರಿಗೆ ಕೊಡ್ಲಿ?”

ನನ್ನ ಹತ್ತಿರ ಎಷ್ಟು ವಚನ ಇದ್ದವು! ಒಂದೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಈಗಲೂ ಅನ್ನಿಸುತ್ತದೆ. ಬೈಬಲ್ಲಿನಲ್ಲಿ ಮಕ್ಕಳನ್ನು ಕಳೆದುಕೊಂಡ ಯೋಬನ ಗೆಳೆಯರು ಮೊದಲು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲಾ ಕೆಡಿಸಿದರು.

ನಾನು ಒಂದು ರೊಟ್ಟಿ ಮುರಿದು ಅರ್ಧ ಅವರಿಗೆ ಕೊಟ್ಟೆ, ಅರ್ಧ ನಾನು ತಿಂದೆ. ಆಮೇಲೆ ಸೀರೆ ತೆಗೆದು ಫಾಲ್ ಹಚ್ಚಲು ಕೂತೆ. ಅವರು ಕೇಳದೆಯೇ ಸೀರೆಯ ಆ ತುದಿ ಹಿಡಿದುಕೊಂಡರು. ಒಬ್ಬರು ಬಿಗಿಯಾಗಿ ಹಿಡಿದರೆ ಫಾಲ್ ಸುಕ್ಕಾಗದೆ ನೇರ ಬರುತ್ತದೆ. ನಾನು ಹೊಲಿದ ಹಾಗೆ ಅವರು ಸೀರೆ ಬಿಡುತ್ತಾ ಬಂದರು. ಎರಡು ಗಂಟೆ. ಹಸಿರು ಇಳಕಲ್ ಸೀರೆ ಅದು, ಕೆಂಪು ಅಂಚು. ಅವರ ಕಣ್ಣೀರು ಎರಡು ಕಡೆ ಬಿತ್ತು. ಒರೆಸಿ ಮುಂದೆ ಹೊಲಿದೆ. ಹೋಗುವಾಗ ನನ್ನ ಕೆನ್ನೆ ಸವರಿ ಹೋದರು.

ಮರುದಿನ ಭಾನುವಾರ. ಆರಾಧನೆಯ ಕೊನೆಯ ಆಶೀರ್ವಾದಕ್ಕೆ ತಲೆಬಾಗಿ ನಿಂತಿದ್ದೆ. ಹುಟ್ಟಿದಾಗಿನಿಂದ ಪ್ರತಿ ವಾರ ಕೇಳುವ ಮಾತು ಅದು. ಚಿಕ್ಕವರಿದ್ದಾಗ ಆ ಮಾತು ಬಂತು ಅಂದರೆ ಆಟಕ್ಕೆ ಓಡಬಹುದು ಅಂತ ಲೆಕ್ಕ. ಎಲ್ಲಾ ಗ್ರಹಿಕೆಯನ್ನು ಮೀರುವ ದೇವಶಾಂತಿ. ಪೌಲ ಫಿಲಿಪ್ಪಿಯವರಿಗೆ ಬರೆದದ್ದು. ಮನೆಗೆ ಬಂದು ಅಜ್ಜಿಯ ಬೈಬಲ್ ತೆಗೆದು ಆ ಪತ್ರದ ನಾಲ್ಕನೇ ಅಧ್ಯಾಯ ನೋಡಿದೆ. ಆ ಶಾಂತಿ ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕಾಯುವುದು ಅಂತ ಇತ್ತು.

ಕಾಯುವುದು. ನಾನು ಆ ಒಂದು ಮಾತಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತೆ.

ಎರಡು ವರ್ಷದಿಂದ ನನ್ನ ಕೆಲಸ ಅದೇ ಆಗಿತ್ತು. ಬಸ್ಸಿಗೆ ಕಾಯುವುದು. ಬಾಗಿಲಾಚೆ ಕಾಯುವುದು. ರಿಪೋರ್ಟಿಗೆ ಕಾಯುವುದು. ಆದರೆ ಕನ್ನಡದಲ್ಲಿ ಕಾಯುವುದು ಅಂದರೆ ಅಷ್ಟೇ ಅಲ್ಲವಲ್ಲ. ಹೊಲ ಕಾಯುತ್ತಾರೆ. ದನ ಕಾಯುತ್ತಾರೆ. ಹೆತ್ತ ತಾಯಿ ಜ್ವರ ಬಂದ ಮಗುವನ್ನು ರಾತ್ರಿಯೆಲ್ಲಾ ಕಾಯುತ್ತಾಳೆ. ಎರಡಕ್ಕೂ ಒಂದೇ ಮಾತು. ಪೌಲ ಬರೆದ ಗ್ರೀಕ್ ಪದ ಸೈನಿಕರು ಊರಿಗೆ ಪಹರೆ ಹಾಕುವುದಕ್ಕೆ ಹೇಳುವಂಥದ್ದು ಅಂತ ಸಭಾಪಾಲಕರು ಆಮೇಲೆ ಹೇಳಿದರು. ಬರೆಯುವಾಗ ಅವನು ಸೆರೆಮನೆಯಲ್ಲಿದ್ದ, ಅವನಿಗೇ ಕಾವಲಿತ್ತು. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತ ಜಾನ್ ಹ್ಯಾಂಡ್ಸ್ ಅವರಿಂದ ಹಿಡಿದು, ಆಮೇಲೆ ತಿದ್ದುತ್ತಾ ಬಂದ ಎಷ್ಟೋ ಜನರಲ್ಲಿ ಈ ಮಾತನ್ನು ಯಾರು ಆರಿಸಿದರೋ, ಅವರಿಗೆ ನಾನು ಋಣಿ. ನಾನು ಬಾಗಿಲಾಚೆ ಕೂತು ಅವರನ್ನು ಕಾಯುತ್ತಿದ್ದ ಅಷ್ಟೂ ಹೊತ್ತು, ನನ್ನನ್ನು ಯಾರೋ ಕಾಯುತ್ತಿದ್ದರು.

121ನೇ ಕೀರ್ತನೆಯಲ್ಲೂ ಅದೇ ಮಾತು. ಕಾಯುವಾತನು ತೂಕಡಿಸುವುದಿಲ್ಲ. ನಾನು ತೂಕಡಿಸುತ್ತೇನೆ. ಸೂಜಿ ಹಿಡಿದುಕೊಂಡೇ ಆ ಬೆಂಚಿನ ಮೇಲೆ ಎಷ್ಟೋ ಸಲ ನಿದ್ದೆ ಹೋಗಿದ್ದೇನೆ. ಮೊದಲೆಲ್ಲ ದಡಬಡ ಎದ್ದು, ನಾನು ಮಲಗಿದಾಗ ಒಳಗೆ ಏನಾದರೂ ಆಗಿಬಿಟ್ಟಿತೋ ಅಂತ ಓಡುತ್ತಿದ್ದೆ. ಆಮೇಲೆ ಆಮೇಲೆ ಆ ಓಟ ಕಡಿಮೆ ಆಯಿತು.

ಶಾಂತಿ ಅಂದರೆ ನನಗೆ ಗೊತ್ತಿರುವುದು ಇದು. ಯಾವಾಗಲೂ ಇರುವುದಿಲ್ಲ. ಕೆಲವು ದಿನ ಬೆಳಿಗ್ಗೆ ಇದ್ದು ಸಂಜೆಗೆ ಇರುವುದಿಲ್ಲ. ಕೂಡಿಡಲು ಬರುವುದಿಲ್ಲ. ಅರಣ್ಯದಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಮನ್ನಾ ಅನ್ನುವ ಆಹಾರ ಬೀಳುತ್ತಿತ್ತಲ್ಲ, ನಾಳೆಗೆ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಹಾಗೆಯೇ ಇದು. ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಈಹೊತ್ತು ಕೊಡು ಅಂತ ಬೇಡುತ್ತೇವೆ. ಈಹೊತ್ತು ಅನ್ನುವುದು ನಮ್ಮ ಹಳ್ಳಿಗಳ ದಿನನಿತ್ಯದ ಮಾತು. ಈಹೊತ್ತಿನದು ಈಹೊತ್ತು. ಬಾಟಲಿಯಲ್ಲಿ ಒಂದು ಲೀಟರ್. ನಾಳೆಯದು ನಾಳೆ ತುಂಬುತ್ತೇನೆ.

ಕಿಡ್ನಿ ಕಸಿಗೆ ಏನಾಯಿತು ಅಂತ ಎಲ್ಲರೂ ಕೇಳುತ್ತಾರೆ. ನಾನು ಕೊಡುತ್ತೇನೆ ಅಂದೆ. ಅವರದು ಓ ಗುಂಪು, ನನ್ನದು ಬಿ. ಬೇರೆ ಗುಂಪಿನದನ್ನೂ ಹಾಕುವ ವಿಧಾನ ಇದೆ, ಆ ಖರ್ಚು ನಮ್ಮ ಕೈಗೆ ಎಟುಕುವುದಲ್ಲ. ಅಂಗದಾನಕ್ಕೆ ಅಂತ ಸರ್ಕಾರ ನಡೆಸುವ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿದ್ದೇವೆ. ಪಟ್ಟಿ ಉದ್ದ ಇದೆ. ಕಾಯುತ್ತಿದ್ದೇವೆ.

ಈ ಕಾಯುವುದು ಮಾತ್ರ ಬೇರೆ ತರಹದ್ದು. ನಮಗೆ ಫೋನ್ ಬರಬೇಕು ಅಂದರೆ ಎಲ್ಲೋ ಒಂದು ಮನೆಯಲ್ಲಿ ದೀಪ ಆರಬೇಕು. ಬೈಕಿನಲ್ಲಿ ಹೋದ ಮಗ ವಾಪಸ್ ಬಾರದೆ ಇರಬೇಕು. ಇದಕ್ಕೆ ಹೇಗೆ ಪ್ರಾರ್ಥನೆ ಮಾಡಲಿ? ಬಹಳ ದಿನ ಮಾಡಲೇ ಇಲ್ಲ. ಅಣ್ಣಿಗೇರಿಯ ಅಕ್ಕಾರ ಮುಖ ಕಣ್ಣ ಮುಂದೆ ಬರುತ್ತಿತ್ತು. ಆಮೇಲೆ ಒಂದು ಭಾನುವಾರ ಕರ್ತನ ಭೋಜನಕ್ಕೆ ಮೊಣಕಾಲೂರಿದ್ದೆ. ಅಂಗೈಯಲ್ಲಿ ರೊಟ್ಟಿಯ ಚೂರು ಇಟ್ಟರು. ಇದು ನಿಮಗೋಸ್ಕರ ಕೊಡಲ್ಪಡುವ ನನ್ನ ದೇಹ. ಆ ಮಾತು ಅವತ್ತು ಕಿವಿಗೆ ಬೇರೆಯಾಗಿ ಕೇಳಿಸಿತು. ಒಬ್ಬನ ದೇಹದಿಂದ ಇನ್ನೊಬ್ಬರು ಬದುಕುವುದು ನಮ್ಮ ವಿಶ್ವಾಸದ ನಡುವೆಯೇ ಇದೆ. ಈಗ ಹೀಗೆ ಪ್ರಾರ್ಥಿಸುತ್ತೇನೆ. ಯಾರಾದರೂ ಸಾಯಲಿ ಅಂತ ನಾನು ಕೇಳುವುದಿಲ್ಲ ಕರ್ತನೇ. ಯಾವುದೋ ಮನೆಗೆ ಅಂಥ ದಿನ ಬಂದೇ ಬಂದರೆ, ಆ ತಾಯಿಯನ್ನು ಕಾಯಿ. ನಮ್ಮನ್ನು ಕಾಯುವುದಕ್ಕಿಂತ ಮುಂಚೆ ಅವಳನ್ನು ಕಾಯಿ. ನಾವಿಬ್ಬರೂ ಅಂಗದಾನದ ಫಾರ್ಮು ತುಂಬಿ ಕೊಟ್ಟಿದ್ದೇವೆ. ನಮ್ಮ ಮನೆಯವರ ಕಣ್ಣಾದರೂ ಯಾರಿಗಾದರೂ ಆಗಬಹುದು ಅಂತ ಅವರಿಗೆ ಸಮಾಧಾನ.

ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ಪಾಟ್ಲಿಗಳು ಬಿಡಿಸಿಕೊಂಡು ಬರಲಿಲ್ಲ, ಇನ್ನು ಬರುವುದೂ ಇಲ್ಲ. ಇವರು ಶಾಲೆಗೆ ವಾರಕ್ಕೆ ಮೂರು ದಿನ ಹೋಗುತ್ತಾರೆ. ಎಡಗೈಯಲ್ಲಿ ಭಾರ ಎತ್ತುವ ಹಾಗಿಲ್ಲ, ಅದಕ್ಕೆ ಹುಡುಗರು ಪುಸ್ತಕ ಹೊತ್ತುಕೊಂಡು ಹೋಗಿ ಕೊಡುತ್ತಾರೆ. ಹೋದ ಮೇ ತಿಂಗಳಲ್ಲಿ ಕೆಲಗೇರಿ ಕಡೆಯ ಆಪೂಸ್ ಮಾವು ಮಾರುಕಟ್ಟೆಗೆ ಬಂದಿತ್ತು. ಮಾವಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ಇಲ್ಲದವರಿಗೆ ಅದು ಜಾಸ್ತಿಯಾದರೆ ಹೃದಯಕ್ಕೇ ಅಪಾಯ. ಐದು ವರ್ಷದಿಂದ ಅವರು ಮುಟ್ಟಿರಲಿಲ್ಲ. ಡಾಕ್ಟರನ್ನು ಕೇಳಿದೆ. ಮಷೀನು ಶುರುವಾದ ಮೇಲೆ ಮೊದಲ ಗಂಟೆಯಲ್ಲಿ ಒಂದು ಸಣ್ಣ ಹೋಳು, ಒಂದೇ ಒಂದು, ಅಂದರು. ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಸಿಸ್ಟರು ಒಳಗೆ ಬಿಟ್ಟರು. ಅವರು ಆ ಹೋಳನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅಗಿಯಲೇ ಇಲ್ಲ. ಹಾಗೇ ಕರಗಲು ಬಿಟ್ಟರು. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು. ಮುಂದಿನ ಸಲ ಅವರಿಗೂ ಡಾಕ್ಟರ ಹತ್ತಿರ ಕೇಳಿ ಒಂದು ಹೋಳು ಒಯ್ದೆ.

ಇವತ್ತು ಬುಧವಾರ. ಇದನ್ನು ಬರೆಯುತ್ತಾ ರಾತ್ರಿ ಹತ್ತೂವರೆ ಆಯಿತು. ನಾಳೆಯ ಚೀಲ ತುಂಬಿ ಇಟ್ಟಿದ್ದೇನೆ. ಫೈಲು, ಹೊದಿಕೆ, ಎರಡು ಸೀರೆ, ಫಾಲ್, ನೀಲಿ ದಾರದ ಉಂಡೆ. ಅಣ್ಣಿಗೇರಿಯ ಅಕ್ಕ ನಾಳೆ ಬರುತ್ತೇನೆ ಅಂದಿದ್ದಾರೆ. ಈಗಲೂ ತಿಂಗಳಿಗೆ ಒಂದು ಸಲ ರೊಟ್ಟಿ ಕಟ್ಟಿಕೊಂಡು ಬರುತ್ತಾರೆ, ಬಾಗಿಲಾಚೆ ಕಾಯುವವರಿಗೆ ಹಂಚಿ ಹೋಗುತ್ತಾರೆ. ಇವರ ಬಾಟಲಿಯಲ್ಲಿ ಇನ್ನೂ ಎರಡು ಗುಟುಕು ನೀರು ಉಳಿದಿದೆ. ಮಲಗುವಾಗ ಗುಳಿಗೆಗೆ ಬೇಕು.

ಒಳಗಿನಿಂದ ಕರೆಯುತ್ತಿದ್ದಾರೆ. “ಎಷ್ಟೊತ್ತನ ಬರೀತಿ? ಬಾ ಇಲ್ಲೆ, ಕೈ ನೋಡಿ ಮಲಕೋ.”